ಊಹಿಸಿಕೊಳ್ಳಿ, ಎರಡು ದೇಶ

ನಮ್ಮ ತರಗತಿಯ ನೆಲದಲ್ಲಿ ಇನ್ನೂ ಇವೆ
ಮಗ್ಗಗಳನ್ನು ಬಿಗಿದಿದ್ದ ಬೋಲ್ಟಿನ ತೂತುಗಳು.
ಸಿಮೆಂಟು ತುಂಬಿದ್ದಾರೆ, ಬಣ್ಣ ಮಾತ್ರ ಕೂಡಿಲ್ಲ.
ಪೋರ್ಚುಗಲ್ಲಿನ ಕೊವಿಲ್ಯಾ ಎಂಬ ಈ ಬೆಟ್ಟದೂರಿನಲ್ಲಿ
ಗಿರಣಿಗಳು ಮುಚ್ಚಿದ ಕಡೆ ವಿಶ್ವವಿದ್ಯಾಲಯ ಬಂದು ಕೂತಿದೆ.
ಉಣ್ಣೆ ತೊಳೆದಲ್ಲಿ ಓದುವ ಮೇಜು,
ನೂಲು ಸುತ್ತಿದಲ್ಲಿ, ಎರಡನೇ ಮಹಡಿ, ಬುಧವಾರ ಒಂಬತ್ತಕ್ಕೆ
ಅಂತರರಾಷ್ಟ್ರೀಯ ವ್ಯಾಪಾರ: ಸಿದ್ಧಾಂತ ಮತ್ತು ನೀತಿ.

ಪ್ರೊಫೆಸರ್ ವಾಲೆಂತ್ ಸೀಮೆಸುಣ್ಣ ಎತ್ತಿಕೊಂಡು
ಎಂದಿನಂತೆ ಶುರುಮಾಡಿದರು: ಊಹಿಸಿಕೊಳ್ಳಿ,
ಎರಡೇ ದೇಶ, ಎರಡೇ ಸರಕು.
ಒಂದು ಇಂಗ್ಲೆಂಡು. ಇನ್ನೊಂದು
(ಹಿಂದಿನ ಬೆಂಚು ಆಗಲೇ ನಗುತ್ತಿತ್ತು)
ನಾವು.
ಅವರು ಬಟ್ಟೆ ನೇಯಲಿ, ನಾವು ದ್ರಾಕ್ಷಾರಸ ಹಿಂಡೋಣ,
ಇಬ್ಬರಿಗೂ ಲಾಭ.
ಇನ್ನೂರು ವರ್ಷದಿಂದ ಊರೂರಿನ ಪಠ್ಯಪುಸ್ತಕಗಳಲ್ಲಿ
ನಮ್ಮ ದೇಶ ದ್ರಾಕ್ಷಿ ತುಳಿಯುತ್ತಲೇ ಇದೆ,
ಕಾಲು ತೊಳೆದುಕೊಳ್ಳಲೂ ಬಿಡುವಿಲ್ಲ.

ಬೋರ್ಡಿನ ಮೇಲೆ ಕಾರ್ಮಿಕರು ಎಷ್ಟು ಸಲೀಸು!
ಒಂದು ಬಾಣದ ಗುರುತು ಹಿಡಿದು
ಬಟ್ಟೆಯಿಂದ ದ್ರಾಕ್ಷಾರಸಕ್ಕೆ ದಾಟಿಬಿಡುತ್ತಾರೆ,
ಬಾಡಿಗೆಮನೆ ಇಲ್ಲ, ಮೊಣಕಾಲು ನೋವಿಲ್ಲ.
ಪಕ್ಕದಲ್ಲಿ ಎದ್ಮಿಲ್ಸನ್, ಕೇಪ್ ವರ್ಡಿಯವನು,
ರಾತ್ರಿ ಬೇಕರಿಯಲ್ಲಿ ದುಡಿದು ಹಿಟ್ಟಿನ ಕೈಯಲ್ಲೇ ಬರುವವನು,
ನನ್ನ ಪುಸ್ತಕದ ಅಂಚಿಗೆ ಗೀಚಿದ:
"ನಾನು ಯಾವ ದೇಶ? ಮೂರನೆಯದಕ್ಕೆ ಕಾಲಮ್ಮೇ ಇಲ್ಲ."

ನನ್ನ ಅಜ್ಜಿ ದೊಮಿತೀಲಾ ಇದೇ ಕಟ್ಟಡದಲ್ಲಿ
ಮೂವತ್ತನಾಲ್ಕು ವರ್ಷ ಎಳೆ ತುಂಬಿದಳು.
ಮಗ್ಗದಿಂದಿಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು
ಹಾಸಿನಲ್ಲೋ ಹೊಕ್ಕಿನಲ್ಲೋ ತಪ್ಪಿಹೋದ ಒಂದು ಎಳೆಯನ್ನು
ಬೆರಳ ತುದಿಯಲ್ಲಿ ಕಂಡುಹಿಡಿದು
ಸೂಜಿಯಿಂದ ಮರಳಿ ಕೂರಿಸುವ ಕೆಲಸ.
ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣಬಾರದು.
ಆಮದಿನ ಕೋಟಾ ಎತ್ತಿದ ವರ್ಷ
ಗಿರಣಿ ಮೊದಲು ರಾತ್ರಿಪಾಳಿಯನ್ನು ಬಿಟ್ಟಿತು, ಆಮೇಲೆ ಅವಳನ್ನು.
ಐವತ್ತೊಂದರ ವಯಸ್ಸಿನಲ್ಲಿ, ಪುಸ್ತಕ ಹೇಳಿದಂತೆಯೇ,
ಬಾಣದ ಗುಂಟ ಎರಡು ಬಸ್ಸು ಬದಲಿಸಿ
ದ್ರಾಕ್ಷಿತೋಟಕ್ಕೆ ಹೋದಳು.
ನಾಲ್ಕು ವಾರ. ಸುಗ್ಗಿ ಮುಗಿಯಿತು.

ಶನಿವಾರ, ಸಂತೆಯಲ್ಲಿ ಆರು ಯೂರೋಗೆ ಕೊಂಡ ನನ್ನ ಸ್ವೆಟರನ್ನು
ಕೇಳದೆಯೇ ಮಗುಚಿದಳು, ಒಳಹೊಲಿಗೆ ಸವರಿದಳು.
ಚೀಟಿಯಲ್ಲಿ ಬಾಂಗ್ಲಾದೇಶ ಎಂದಿತ್ತು.
ಬೈಯುತ್ತಾಳೆ ಅಂದುಕೊಂಡೆ.
"ಒಳ್ಳೆಯ ಕೈ," ಅಂದಳು. "ಅವಸರದ ಕೈ, ಆದರೂ ಒಳ್ಳೆಯದು.
ಇವಳಿಗೆ ಎಷ್ಟು ಕೊಡುತ್ತಾರೆ?"
ಪುಸ್ತಕದಲ್ಲಿ ಅದಕ್ಕೊಂದು ಅಕ್ಷರವಿದೆ. ಅಂಕಿ ಇಲ್ಲ.

ಮಾತು ಬದಲಿಸಲು ಸುಂಕದ ಪಾಠ ತೋರಿಸಿದೆ:
ಇಳಿಯುವ ಗೆರೆ ಬೇಡಿಕೆ, ಏರುವ ಗೆರೆ ಪೂರೈಕೆ,
ಸುಂಕ ಹೇರಿದರೆ ಈ ಎರಡು ಪುಟ್ಟ ತ್ರಿಕೋನ
ಯಾರ ಪಾಲಿಗೂ ಸಿಗದೆ ಹೋಗುತ್ತವೆ, ಅಜ್ಜಿ.
ತೆಗೆದರೋ, ಗೆದ್ದವರ ಲಾಭ ಎಷ್ಟೆಂದರೆ
ಸೋತವರಿಗೆ ಪರಿಹಾರ ಕೊಟ್ಟರೂ ಮಿಗುತ್ತದೆ.
"ಕೊಟ್ಟರಾ?"
ಕೊಟ್ಟರೂ ಮಿಗುತ್ತದೆ ಅಂತ.
"ಅದನ್ನೇ ಕೇಳಿದ್ದು. ಕೊಟ್ಟರಾ?"

ಒಂದು ಕೊಂಬಿನ ದೀರ್ಘದ ಮೇಲೆ ನಿಂತಿದೆ ಇಡೀ ಅಧ್ಯಾಯ.

ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದೆ.
ಲೆಕ್ಕ ಸುಳ್ಳಲ್ಲ; ಸ್ವೆಟರ್ ಬೆಚ್ಚಗಿದೆ,
ಎಲ್ಲೋ ಒಬ್ಬಳು ಅದರಿಂದ ಅಕ್ಕಿ ಕೊಂಡಿದ್ದಾಳೆ,
ಇದನ್ನೂ ಮರೆಯಬಾರದು.
ಇಪ್ಪತ್ತಕ್ಕೆ ಹದಿನಾರು ಬಂತು.
ಅಂಚಿನಲ್ಲಿ ಕೆಂಪು ಶಾಯಿ: ಒಂದು ತ್ರಿಕೋನ ಮುಚ್ಚಿಲ್ಲ.

ಅಜ್ಜಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ಹಿಂದೆ ಮುಂದೆ ಬೆರಳಾಡಿಸಿದಳು.
ನಾನು ಪೆನ್ಸಿಲ್ ಕೊಡಹೋದೆ.
"ತಾಳು," ಅಂದಳು,
"ಎಲ್ಲಿಂದ ಬಿಟ್ಟಿದೆ ಅಂತ ಮೊದಲು ನೋಡೋಣ."