ಎಡಗೈ ರುಜು

ಬಲಗೈಯಲ್ಲಿ ಆಗದೆಂಬ ಅರ್ಜಿಗೆ
ಬಲಗೈಯದೇ ರುಜು ಬೇಕಂತೆ.
ಗಾಜಿನಾಚೆ ಡೊನೆಟ್, ಕನ್ನಡಕ ಮೂಗಿನ ತುದಿಗೆ:
'ಹಳೇ ಲೈಸೆನ್ಸಿನ ರುಜುಗೂ ಇದಕ್ಕೂ
ತಾಳೆಯಾಗೊಲ್ಲ, ಮಿಸ್ಟರ್ ಕೋಸ್ಕೆಲಾ.'
ಹೇಗಾದೀತು ತಾಯಿ?
ಅದನ್ನು ಬರೆದ ಕೈ ಸಾಮಿಲ್ಲಿನ ಬೆಲ್ಟಿಗೆ ಸಿಕ್ಕಿ
ಎರಡು ಚಳಿಗಾಲ ಕಳೆಯಿತು.
ಕೈ ಕೊಟ್ಟಿತು ಅನ್ನುತ್ತಾರಲ್ಲ, ಹಾಗೆ.
ಕೊಟ್ಟೂ ಇಲ್ಲೇ ನೇತಾಡುತ್ತಿದೆ
ಹೆಸರಿಗಷ್ಟೇ ಬಲಗೈ.

ಅವಳೆದುರೇ ಮತ್ತೊಮ್ಮೆ ಎಡಗೈಯಲ್ಲಿ ಬರೆದೆ.
ಒಂದನೇ ಕ್ಲಾಸಿನ ಹುಡುಗನ ಹಾಗೆ
ನಾಲಗೆ ಹೊರಗೆ ಬಂದಿತ್ತಂತೆ.
ನಿಟ್ಟುಸಿರಿಟ್ಟು ಅಂಚಿನಲ್ಲಿ ಗೀಚಿದಳು:
'ನನ್ನ ಕಣ್ಣೆದುರೇ ಬರೆದದ್ದು.'

ಅದಕ್ಕೂ ಮುಂಚೆ ಡಾಕ್ಟರ್ ಬೆರ್ಟುಚ್ಚಿ.
ಗೋಡೆಯ ಕೊಕ್ಕೆಗೆ ತಕ್ಕಡಿ, ತಕ್ಕಡಿಗೆ ಹಗ್ಗ,
ಮೂವತ್ತೈದು ಪೌಂಡು ಎಳೆದು ನಾಲ್ಕು ಸೆಕೆಂಡು
ಹಿಡಿಯಲಾಗದಿದ್ದರೆ ಮಾತ್ರ ಅಡ್ಡಬಿಲ್ಲು.
'ಎಳಿ ರೈನೋ.'
ಸೋಲಲೆಂದೇ ಬಂದವನು ನಾನು.
ತೋಳಿಗೆ ಅದು ಗೊತ್ತಿರಲಿಲ್ಲ.
ಹಲ್ಲು ಕಚ್ಚಿ, ಬೆನ್ನು ಬಿಗಿದು, ಮುಖ ಕೆಂಪಾಗಿ
ಮುಳ್ಳು ಹನ್ನೊಂದಕ್ಕೆ ಹೋಯಿತು, ನಡುಗಿತು.
'ತಾಳಿ, ಇನ್ನೊಂದು ಸಲ' ಅಂದೆ.
'ಜಾಸ್ತಿ ಬಂದರೆ ಪರ್ಮಿಟ್ ಸಿಗೊಲ್ಲ ಮಾರಾಯ!'
ಇಬ್ಬರೂ ನಕ್ಕೆವು.
ಎರಡನೇ ಸಲ ಬಂದದ್ದು ಒಂಬತ್ತು.
ಆಗ ಯಾರೂ ನಗಲಿಲ್ಲ.

ಕಾಗದದ ಕೊನೆಗೆ ಎರಡು ಚೌಕ:
ತಾತ್ಕಾಲಿಕ. ಶಾಶ್ವತ.
ಅಲ್ಲಿ ಪೆನ್ನು ನಿಂತಿತು.
ಡಾಕ್ಟರು ಕಿಟಕಿಯಾಚೆ ನೋಡಿ
ಸರೋವರದ ಕಡೆಯಿಂದ ಈ ಸಲ ಹಿಮ ಬೇಗ ಬರುವಂತಿದೆ ಅಂದರು,
ರಸ್ತೆ ಬಳಿಯುವ ಗಾಡಿಯ ಬ್ಲೇಡಿನ ಬಗ್ಗೆ ಏನೋ ಅಂದರು.
ಮಾತಿನ ನಡುವೆ, ನೋಡದೆಯೇ, ಗೀಟು ಹಾಕಿಬಿಟ್ಟರು.
ಎಷ್ಟು ಸಣ್ಣ ಗೀಟು.

ಬಾರಿನಲ್ಲಿ ಊರ್ಹೋ ಅಂದ:
'ಅಡ್ಡಬಿಲ್ಲು ಅಂದರೆ ಅಡ್ಡದಾರಿ.
ಹಿಡಿಕೆ ಉಂಟು, ಕುದುರೆ ಉಂಟು,
ಬಂದೂಕಿನ ತಮ್ಮನೇ ಅದು.'
ಎರಡು ಮೂಟೆ ಸೇಬು ಸುರಿದು
ಮರದ ಮೇಲೆ ಹೀಟರ್ ಹಚ್ಚಿ ಕೂರುವವನು ಅವನು.
ಬಿಯರಿನ ನೊರೆ ಇಳಿಯುವವರೆಗೆ ಸುಮ್ಮನಿದ್ದೆ.
ಕೈಲಾಗದವನು ಮೈ ಪರಚಿಕೊಂಡ ಅನ್ನಿಸಿಕೊಳ್ಳಬಾರದಲ್ಲ.

ಪರ್ಮಿಟ್ ಕೊಟ್ಟವರು ಒಂದು ಹೇಳಿರಲಿಲ್ಲ:
ಇದರ ಹೆದೆ ಏರಿಸಲೂ ಎರಡು ಕೈ ಬೇಕು.
ಬೆಳಗಿನ ಕತ್ತಲಲ್ಲಿ ಮಾರ್ಲಿಸ್ ಅಂಗಳಕ್ಕಿಳಿಯುತ್ತಾಳೆ,
ಬೆನ್ನಿಗೆ ಶಾಲೆಯ ಚೀಲ,
ಬಿಲ್ಲಿನ ಮೂತಿಯ ಕಬ್ಬಿಣದ ಕುಣಿಕೆಗೆ ಕಾಲಿಟ್ಟು
ಹಗ್ಗದ ಎರಡು ಹಿಡಿ ಹಿಡಿದು
ಒಮ್ಮೆಗೇ ನೆಟ್ಟಗಾಗುತ್ತಾಳೆ.
ಟಕ್.
ಆರೂ ಮುಕ್ಕಾಲಿಗೆ ಅವಳ ಬಸ್ಸು.
ಆಮೇಲೆ ದಿನಕ್ಕೆ ಒಂದೇ ಬಾಣ ನನಗೆ.

ಸೀಡರ್ ತೋಪಿನ ಅಂಚಿನಲ್ಲಿ
ಕಂಬಿಯ ಮೇಲೆ ಬಿಲ್ಲು ಒರಗಿಸಿ ಕೂರುತ್ತೇನೆ.
ಹದಿನಾರು ವರ್ಷದ ಬೆನ್ನಿನ ಸೆಳೆತ
ನನ್ನ ಎಡಬೆರಳಿನ ಕೆಳಗೆ
ಇಡೀ ದಿನ ಉಸಿರು ಬಿಗಿಹಿಡಿದು ಕೂತಿರುತ್ತದೆ.
ಅಲ್ಲೆಲ್ಲೋ ಅವಳು ಬೀಜಗಣಿತ ಮಾಡುತ್ತಿರುತ್ತಾಳೆ.

ಏರಿದ ಹೆದೆ ತಾನಾಗಿ ಇಳಿಯದು,
ಇಳಿಸಲು ನನ್ನಿಂದಾಗದು.
ಸಂಜೆ ವಾಪಸಾಗಿ ಕೊಟ್ಟಿಗೆ ಪಕ್ಕದ ಮರಳ ರಾಶಿಗೆ
ಮೊಂಡು ಬಾಣವೊಂದನ್ನು ಹೊಡೆಯುತ್ತೇನೆ.
ದಬ್.
ಅಡುಗೆಮನೆಯಲ್ಲಿ ಅದು ಕೇಳುತ್ತದೆ.
ಇವತ್ತೂ ಇಲ್ಲ ಎಂದು ತಿಳಿದು
ಆಲೂಗಡ್ಡೆ ನೀರಿಗೆ ಹಾಕುತ್ತಾಳೆ.
ಎಂಟು ದಿನ ಹಾಗೆ.

ಒಂಬತ್ತನೇ ಸಂಜೆ ಸದ್ದಾಗಲಿಲ್ಲ.
ನಾನು ಅಂಗಳ ಮುಟ್ಟುವಾಗ
ಬೂಟು ಕಟ್ಟಿ, ಚಾಕು, ಹಗ್ಗ, ಟಾರ್ಚು ಹಿಡಿದು
ಬಾಗಿಲಲ್ಲೇ ನಿಂತಿದ್ದಳು.
'ಎಲ್ಲಿ?' ಅಂದಳು, ಅಷ್ಟೇ.

ಜರಿಗಿಡಗಳ ನಡುವೆ ಮಲಗಿತ್ತು,
ಎರಡು ವರ್ಷದ ಗಂಡು, ಕಣ್ಣು ಇನ್ನೂ ಒದ್ದೆ.
ಅವಳು ಟಾರ್ಚು ಹಿಡಿದಳು. ಅವಳ ಬೆನ್ನ ಮೇಲೆ
ಟ್ಯಾಗು ಇಟ್ಟು ರುಜು ಹಾಕಿದೆ.
ಡೊನೆಟ್ ಕಡತದಲ್ಲಿರುವುದಕ್ಕೆ
ಸುಮಾರಾಗಿ ತಾಳೆಯಾಗುತ್ತಿತ್ತು.