ನೀಲಿ ಗೆರೆಯ ಗುಂಟ

ಟೂಸಾನಿನಲ್ಲಿ ಹರಳು-ಕಲ್ಲುಗಳ ಸಂತೆ.
ಇಳಕಲ್ಲ ಕೆಂಪು ಗ್ರಾನೈಟಿನ ತುಂಡು ಹರವಿಕೊಂಡು
ಮೂರು ದಿನ ಕೂತೆ. ಕೊಂಡವರಿಗಿಂತ
ಬೆರಳಾಡಿಸಿ ಹೋದವರೇ ಹೆಚ್ಚು.
ನಾಲ್ಕನೆಯ ಮುಂಜಾನೆ ಮೈದುನ ಅಂದ:
'ವೈನೀ, ನಾ ಕೂಡತೀನಿ, ನೀವೊಂದೀಟು ತಿರಗ್ಯಾಡಿ ಬರ್ರಿ.'

ಒಂದೂವರೆ ತಾಸಿನ ನಡಿಗೆ, ಇಪ್ಪತ್ತೈದು ಡಾಲರು.
ರೂಪಾಯಿಗೆ ಗುಣಿಸಬಾರದು ಅಂದುಕೊಂಡೇ ಗುಣಿಸಿದೆ.

ಊರು ತೋರಿಸುವಾಕೆ ಒಫೀಲಿಯಾ ಬ್ರಾಕಮೊಂಟೆ.
ಎಪ್ಪತ್ತು ದಾಟಿದ ಹೆಂಗಸು, ಗಂಡಸರ ಬೂಟು,
ಮಡಚಿದ ಕೊಡೆಯೇ ಬೆತ್ತ.
ನಾವು ಆರು ಮಂದಿ: ಒಹಾಯೊದ ಗಂಡಹೆಂಡತಿ,
ಆಕಳಿಸುತ್ತಿದ್ದ ಅವರ ಮಗ, ಇಬ್ಬರು ಗೆಳತಿಯರು, ನಾನು.
ಫುಟ್‌ಪಾತಿನ ಮೇಲೆ ಉದ್ದಕ್ಕೆ ಬಳಿದ ನೀಲಿ ಗೆರೆ.
'ದಾರಿ ತಪ್ಪಿದರೆ ಕೆಳಗೆ ನೋಡಿ' ಅಂದಳು,
'ಮೇಲೆ ನೋಡಿದರೆ ಬ್ಯಾಂಕುಗಳಷ್ಟೇ ಕಾಣುತ್ತವೆ.'

ನಡೆದೆವು. ಇದು ಕೋಟೆಯ ಮೂಲೆ, ಇದು ಬುರುಜು,
(ಹೊಸದಾಗಿ ಕಟ್ಟಿದ್ದು, ಹಳೆಯದರ ನೆನಪಿಗೆ)
ಇದು ಬಣ್ಣದ ಹಂಚಿನ ಗುಮ್ಮಟ.
ನೆರಳು ಕಂಡಲ್ಲಿ ನಿಂತು ಚರಿತ್ರೆ ಹೇಳುವುದು ಅವಳ ರೂಢಿ.
'ಇದು ಮೆಕ್ಸಿಕೋ ಇತ್ತು. ಎಲ್ಲೋ ದೂರದಲ್ಲಿ
ಯಾರೋ ಕೂತು ಒಂದು ಕೋಟಿ ಡಾಲರಿಗೆ ಸಹಿ ಹಾಕಿದರು.
ಸಿಪಾಯಿಗಳು ಗಂಟು ಕಟ್ಟಿ ತೆಂಕಣಕ್ಕೆ ಹೋದರು.
ನಮ್ಮಜ್ಜಿಯ ಅಜ್ಜಿಯ ಮನೆಯ ಬೆಕ್ಕು ಹೋಗಲಿಲ್ಲ.
ಬೆಕ್ಕು ಹೋಗಲಿಲ್ಲವೆಂದು ಆಕೆಯೂ ಹೋಗಲಿಲ್ಲ.'
ನಕ್ಕೆವು. ಅವಳು ನಗಲಿಲ್ಲ.

ಗಿಲಾವು ಉದುರಿದ ಗೋಡೆಯೊಂದರಲ್ಲಿ
ಹುಲ್ಲಿನ ಎಸಳು ಇಣುಕುತ್ತಿತ್ತು. ಮುಟ್ಟಿದೆ.
ಒಳಗಿನ ತಂಪು ಅಂಗೈಗೆ ಬಂತು,
ಜಂತಿಯ ಜಾಗದಲ್ಲಿ ಕಳ್ಳಿಯ ಎಲುಬು, ಇಷ್ಟೇ ಫರಕು.
ಇದರ ಮೇಲೆ ಹಪ್ಪಳ ಒಣಗಿಸಬಹುದು, ಅನ್ನಿಸಿತು.

'ನೀವು ಎಲ್ಲಿಯವರು?' ಕೇಳಿದಳು.
ಇಂಡಿಯಾ ಅಂದೆ. ಅದಕ್ಕಿಂತ ಸಣ್ಣ ಉತ್ತರಕ್ಕೆ
ಬಹಳ ಹೊತ್ತು ಬೇಕು.

ಜತ್ತದ ಕಡೆಯ ನನ್ನ ತವರಲ್ಲಿ
ಆಯಿ ಗುರುಬಸವ್ವ ಹೊಸಿಲು ದಾಟದೆ
ಮಹಾರಾಷ್ಟ್ರಕ್ಕೆ ಹೋದಳು, ರೊಟ್ಟಿ ಬಡಿಯುತ್ತ.
ರೇಷನ್ ಕಾರ್ಡು ಮರಾಠಿಯಲ್ಲಿ ಬಂತು.
'ಓದವ್ವಾ, ಇದರಾಗ ನಾ ಅದೀನೇನು?'
ಸಾಲಿ ಕಲಿತವಳು ನಾನೊಬ್ಬಳೇ; ಓದಿದೆ.
ಹೆಸರಿನಲ್ಲಿ ಒಂದು 'ವ' ಕಡಿಮೆ ಇತ್ತು.
ಅದೀ ಅಂದೆ.

ನೀಲಿ ಗೆರೆ ಮುಗಿದ ಮೇಲೂ ಅವಳು ನಡೆದಳು.
'ಇದು ನಿಮ್ಮ ಟಿಕೀಟಿನಲ್ಲಿಲ್ಲ' ಅಂದಳು.
ದೊಡ್ಡ ಸಭಾಭವನ, ಅದರ ಬಗಲಿಗೆ ಕಾರು ನಿಲ್ಲಿಸುವ ಬಯಲು.
ಅರವತ್ತರ ದಶಕದಲ್ಲಿ ಬುಲ್‌ಡೋಜರು ಬಂದು
ಓಣಿ ಓಣಿಯನ್ನೇ ಕೆಡವಿದವಂತೆ.
ಎಪ್ಪತ್ತೊಂದು ಎಂದು ಬರೆದ ಖಾಲಿ ಚೌಕದಲ್ಲಿ ನಿಂತು
ಕೊಡೆಯ ತುದಿಯಿಂದ ಡಾಂಬರಿನ ಮೇಲೆ ಗೀರಿದಳು:
ಇಲ್ಲಿ ಒಲೆ. ಇಲ್ಲಿ ನೀರಿನ ಹರವಿ.
ಇಲ್ಲಿ ನಮ್ಮಜ್ಜಿ, ಬೆಳಕಿಗೆ ಬೆನ್ನು ಮಾಡಿ.

ಹಿಂದೆ ಒಂದು ಕೆಂಪು ಪಿಕಪ್ಪು ಬಂದು ನಿಂತಿತು.
ಜಾಗ ಬೇಕು ಅದಕ್ಕೆ. ಹಾರ್ನು ಹಾಕಿತು.
ಒಫೀಲಿಯಾ ಕೊಡೆ ಎತ್ತಿ, ತಡೆ ಅಂದಳು,
ಅಡುಗೆಮನೆಯಲ್ಲಿ ಮಾತಾಡುವಾಗ
ನಡುವೆ ಬಾಯಿ ಹಾಕಿದ ಮಗುವಿಗೆ ಅಂದಂತೆ.
'ಉಪ್ಪು, ಇಲ್ಲಿ, ಕೈಗೆ ಎಟಕುವಂತೆ.'
ಇನ್ನೊಂದು ಹಾರ್ನು.

ಆಗ ಹೊರಟಳು. ನೆಟ್ಟಗೆ ಅಲ್ಲ.
ಎರಡು ಹೆಜ್ಜೆ ಎಡಕ್ಕೆ ಸರಿದು, ತಲೆ ಬಗ್ಗಿಸಿ,
ಇಲ್ಲದ ಬಾಗಿಲಿಂದ ಹೊರಗೆ ಬಂದಳು.
ಅವಳ ಹಿಂದೆ ನಾವೂ, ಒಬ್ಬೊಬ್ಬರಾಗಿ,
ಆಕಳಿಕೆಯ ಆ ಹುಡುಗನೂ,
ತಲೆ ಬಗ್ಗಿಸಿದೆವು. ಯಾರೂ ಹೇಳಿರಲಿಲ್ಲ.

ಪಿಕಪ್ಪು ಒಲೆಯ ಮೇಲೆ ಬಂದು ನಿಂತಿತು.
ಇಳಿದವ ಕೀಲಿ ಒತ್ತಿ, ಫೋನು ನೋಡುತ್ತ,
ಗೋಡೆಯೊಳಗಿಂದಲೇ ಹಾದು ಹೋದ.