ಬೆಕ್ಕಿನ ಪಾಲು

ನಮ್ಮೂರಿನ ಕಥೆ ಬೇಕೆಂದರೆ
ಮೊದಲು ಚಪ್ಪಲಿ ಬಿಡಿ.
ಇದು ಕಣಜ.

ಬೀಗದ ಕೈ ನನ್ನ ಮೊಣಕೈಯಷ್ಟು ಉದ್ದ,
ಅಕ್ರೋಟು ಮರದ್ದು. ಐದು ಹಲ್ಲು, ಒಂದು ಮುರಿದಿದೆ.
ಬಿದ್ದ ಹಲ್ಲಿನ ಸಂದಿಗೆ ನಾಲಿಗೆ ಹೋಗುವ ಹಾಗೆ
ನನ್ನ ಹೆಬ್ಬೆರಳು ಅಲ್ಲಿಗೇ ಹೋಗುತ್ತದೆ.

ಇಘಿಲ್ ತಾರ್ಗಾ. ಅಟ್ಲಾಸ್ ಬೆಟ್ಟದ ತೆಂಕಣ ಮಗ್ಗುಲು.
ಅರವತ್ತೆರಡು ಮನೆ, ಅರವತ್ತಮೂರು ಗೂಡು.
ಮನೆ ಬಿದ್ದರೆ ಬೀಳಲಿ, ಕಾಳು ಉಳಿಯಲಿ ಎಂದು
ಹಿರಿಯರು ನೆತ್ತಿಯ ಮೇಲೆ ಕಣಜ ಕಟ್ಟಿ
ತಾವು ಕೆಳಗೆ, ಗಾಳಿಯ ಬಾಯಲ್ಲಿ ಮಲಗಿದರು.

ಮೆಟ್ಟಿಲೆಂದರೆ ಗೋಡೆಯಿಂದ ಹೊರಚಾಚಿದ ಚಪ್ಪಡಿ.
ಬಸುರಿಯರೂ ಹತ್ತಿದ್ದಾರೆ, ಬೆನ್ನಿಗೆ ಬಾರ್ಲಿ ಮೂಟೆ ಕಟ್ಟಿ.
ಅಮ್ಮ ನನ್ನನ್ನು ಹೊಟ್ಟೆಯಲ್ಲಿ ಹೊತ್ತು ಏಳು ಹತ್ತಿದಳು;
ಎಂಟನೆಯದರಲ್ಲಿ ನೋವು ಶುರುವಾಯಿತಂತೆ.
ಈಗಲೂ ಊರಲ್ಲಿ ನನ್ನ ಹೆಸರು ಎಂಟನೇ ಕಲ್ಲು.

ಒಳಗೆ ಏನೇನಿತ್ತು?
ಬಾರ್ಲಿ, ಬಾದಾಮಿ, ಅರ್ಗಾನ್ ಎಣ್ಣೆಯ ಗಡಿಗೆ,
ಜೊಂಡಿನ ನಳಿಗೆಯಲ್ಲಿ ಸುತ್ತಿಟ್ಟ ಮದುವೆ ಕರಾರು,
ನೀರಿನ ಜಗಳದ ತೀರ್ಪುಗಳು.
ನೀರು ನಮ್ಮಲ್ಲಿ ಗಳಿಗೆ ಬಟ್ಟಲಿನ ಲೆಕ್ಕ:
ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯ ತೂತು.
ತುಂಬಿ ಮುಳುಗುವ ತನಕ ಕಾಲುವೆ ನಿನ್ನದು,
ಮುಳುಗಿತೋ, ಪಕ್ಕದವನದು.
ಹಮ್ಮು ಎಂಬವನೊಬ್ಬ ತೂತಿಗೆ ಜೇನುಮೇಣ ಮೆತ್ತಿದ.
ಸಿಕ್ಕಿಬಿದ್ದ. ದಂಡ: ಇಡೀ ಊರಿಗೆ ಊಟ.
ಅವನ ಹೆಂಡತಿಯ ಅಡುಗೆ ಅದೆಷ್ಟು ರುಚಿಯೆಂದರೆ
ಮರುವರ್ಷ ಹುಡುಗರು ಅವನ ಅಂಗಳಕ್ಕೆ
ಮೇಣದ ಉಂಡೆ ಎಸೆದು ಓಡುತ್ತಿದ್ದರಂತೆ.

ಬಾಗಿಲು ಬಾಗಿಲಿನ ಬುಡದಲ್ಲೂ ಅಂಗೈಯಗಲದ ತೂತು.
ಬೆಕ್ಕಿಗೆ.
ಇಲಿಗೆ ಆಸ್ತಿಯ ಗಡಿ ತಿಳಿಯದು,
ಹಾಗಾಗಿ ಬೆಕ್ಕಿಗೂ ಬೀಗವಿಲ್ಲ.

ಮಿಡತೆ ಬಂದ ವರ್ಷ ನನ್ನಜ್ಜ ಬೂಜ್ಮಾ ಕಾವಲಿನವ.
ಒಬ್ಬರ ಗೂಡು ಇನ್ನೊಬ್ಬರು ತೆರೆಯುವಂತಿಲ್ಲ,
ಸತ್ತವನದ್ದಾದರೂ.
ತೂದಾ: ಗಂಡನಿಲ್ಲ, ಮೂರು ಮಕ್ಕಳು, ಗೂಡು ಖಾಲಿ.
ಕೇಳುವವಳಲ್ಲ.
ದಿನವೂ ಹತ್ತಿ ಬಂದು, ತನ್ನ ಬಾಗಿಲು ತೆರೆದು,
ಕತ್ತಲಲ್ಲಿ ತುಸು ಹೊತ್ತು ಕೂತು,
ಹೊದಿಕೆಯ ಚುಂಗಿಗೆ ಗಂಟು ಹಾಕಿ
ಭಾರ ಹೊತ್ತವಳಂತೆ ಬಾಗಿ ಇಳಿಯುವಳು.
ಗಂಟಿನಲ್ಲಿ ಗೋಡೆಯ ಮಣ್ಣು.
ಅಜ್ಜ ನೋಡಿದ. ಬೇರೆ ಕಡೆ ತಿರುಗಿ ಕೆಮ್ಮಿದ.

ಒಂದು ಬೆಳಗ್ಗೆ ಅವಳ ಬಾಗಿಲೊಳಗೆ, ತೂತಿನ ಹಿಂದೆ,
ಒಂದು ಬೊಗಸೆ ಬಾರ್ಲಿ.
ಮರುದಿನ ಎರಡು. ಒಂದರಲ್ಲಿ ಬಾದಾಮಿ ಬೆರೆತಿತ್ತು,
ಒಂದಕ್ಕೆ ಹುಳ ಹಿಡಿದಿತ್ತು;
ಆ ಮನೆಯಲ್ಲಿ ಇದ್ದದ್ದೇ ಅಷ್ಟು.
ರೇಗಿ ಬಂದಳು: ಯಾರಿಟ್ಟದ್ದು?
ಬೆಕ್ಕು ಇರಬೇಕು, ಅಂದ ಅಜ್ಜ.
ಬೆಕ್ಕು ಬಾರ್ಲಿ ತರುತ್ತದೆಯೇ?
ಬರಗಾಲ ಕಣಮ್ಮ, ಬೆಕ್ಕಿನ ಬುದ್ಧಿಯೂ ಕೆಟ್ಟಿದೆ.

ಲೆಕ್ಕದ ಹಲಗೆ ಅಗೋ, ಅಲ್ಲಿ ಒರಗಿಸಿದೆ.
ಅವಳ ಗುರುತಿನ ಮುಂದೆ ಎಪ್ಪತ್ತೊಂದು ಗೀರು,
ಕೊಟ್ಟವರ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರ.
ಅಜ್ಜನಿಗೆ ಬಾಲ ಮಾತ್ರ ಬರೆಯಲು ಬರುತ್ತಿತ್ತು.

ಮಳೆಯಾದ ಮೇಲೆ ತೂದಾ ತನ್ನ ಮೊದಲ ಕೊಯ್ಲಿನಿಂದ
ಒಂದಳತೆ ತಂದು, ಯಾರದೂ ಅಲ್ಲದ ಆ ಹೆಚ್ಚಿನ ಗೂಡಿಗೆ ಸುರಿದು
ಬೆಕ್ಕಿನ ಸಾಲ, ಅಂದಳು. ನಗಲಿಲ್ಲ.
ಮರುವರ್ಷ ಹಮ್ಮುವಿನ ಮೊಮ್ಮಗನೂ ತಂದ.
ಆಮೇಲೆ ತರದವರೇ ಇಲ್ಲ.

ಈಗ ಹನ್ನೊಂದು ಒಲೆ ಉರಿಯುತ್ತವೆ.
ಹಿಟ್ಟು ಪ್ಯಾಕೆಟ್ಟಿನಲ್ಲಿ, ನೀರು ಪೈಪಿನಲ್ಲಿ.
ಗಂಡಸರು ಬೇಡವೆಂದ ಮೇಲೆ ಕೀಲಿ ನನಗೆ ಬಂತು.
ಹೆಂಗಸಿನ ಕೈಗೆ ಕಣಜವೇ ಎಂದ ಮುದುಕ ಬಿಹಿಗೆ
ಹತ್ತಿ ಬಂದು ಕಿತ್ತುಕೊಳ್ಳಲು ಮಂಡಿಯಿಲ್ಲ;
ಅವನ ಅಳತೆ ಮಾತ್ರ ತಪ್ಪದೆ ಬರುತ್ತದೆ, ಅದೂ ಎಲ್ಲರಿಗಿಂತ ಮೊದಲು.

ಮ್ಯೂಸಿಯಮ್ಮೇ ಎಂದು ಕೇಳಿದಿರಿ.
ಬನ್ನಿ, ಬಗ್ಗಿ, ಈ ತೂತಿಗೆ ಕೈ ಹಾಕಿ.
ಇನ್ನೂ ಒಳಗೆ. ತಣ್ಣಗಿದೆಯಲ್ಲ?
ಈ ವರ್ಷದ್ದು.

ಇಳಿಯುವಾಗ ಎಂಟನೇ ಕಲ್ಲಿನಲ್ಲಿ ತುಸು ಜೋಪಾನ.
ಸಾರ್ಡೀನ್ ಡಬ್ಬಿ ನೆಕ್ಕಿ, ಬಿಸಿಲು ಕಾಯಿಸುತ್ತ
ಅಡ್ಡ ಮಲಗಿದ್ದಾನೆ
ನಮ್ಮ ಸಾವುಕಾರ.